ಮಳೆಗಾಲಕ್ಕೆ ಮುನ್ನ: ಆಂಟೆನಾ ಜೋಡಣೆಗೆ ನೀರಿಳಿಯದಂತೆ ನೀವೇನು ಮಾಡಿದಿರಿ?

ಕೊಪ್ಪದಿಂದ ಪ್ರಶ್ನೆ: ತೋಟದ ಮನೆ. 4ಜಿ ರೂಟರಿಗಾಗಿ ಹೊರಗೆ ಪೈಪಿನ ಮೇಲೆ ಆಂಟೆನಾ ಹಾಕಿಸಿದ್ದೇನೆ. ಮೃಗಶಿರಾ ಮಳೆ ಹಿಡಿಯುವ ಮೊದಲೇ ಕನೆಕ್ಟರ್ ಭದ್ರಪಡಿಸಬೇಕು. ಸಿಲಿಕಾನ್ ಅಂಟು ಒಳ್ಳೆಯದೋ, ಟೇಪೋ? ಅನುಭವ ಇದ್ದವರು ತಿಳಿಸಿ.

ಕುಂದಾಪುರ: ಸಿಲಿಕಾನ್ ಹೆಸರೆತ್ತಬೇಡಿ. ನಮ್ಮ ಮನೆಗೆ ಡಿಶ್ ಹಾಕಲು ಬಂದವನು ಕೇಬಲಿನ ತುದಿಯ ಎಫ್ ಕನೆಕ್ಟರಿಗೆ ಅದನ್ನೇ ಮೆತ್ತಿ ಹೋದ. ವಿನೆಗರ್ ವಾಸನೆಯ ಬಗೆಯದು. ಒಣಗುವಾಗ ಅಸಿಟಿಕ್ ಆಮ್ಲ ಬಿಟ್ಟು ತಾಮ್ರವನ್ನೇ ತಿನ್ನುತ್ತದೆ. ನವರಾತ್ರಿಯ ಹೊತ್ತಿಗೆ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಬದಲಿಸಲು ತಗುಲಿದ್ದು, ಡಿಶ್ಶಿನ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ 450, ಇಪ್ಪತ್ತು ಮೀಟರ್ ಕೇಬಲಿಗೆ 440, ಕೂಲಿ 350, ಏಣಿ ಹಿಡಿದವನಿಗೆ 100: ಒಟ್ಟು 1,340 ರೂಪಾಯಿ. ಈಗ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು, ಕೆಳಗಿನಿಂದ ಮೇಲಕ್ಕೆ, ಹಂಚು ಹೊದಿಸಿದಂತೆ ಸುತ್ತುತ್ತೇನೆ. ಬಿಸಿಲು ತಾಗದಿರಲು ಮೇಲೊಂದು ಕಪ್ಪು ಪಿವಿಸಿ ಟೇಪ್. ಕಡಲ ಉಪ್ಪುಗಾಳಿಗೂ ಅದು ಜಗ್ಗಿಲ್ಲ.

ಶಿರಸಿ: ಸಿಲಿಕಾನ್ ಎಲ್ಲವೂ ಒಂದೇ ಅಲ್ಲ ಸ್ವಾಮಿ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದು ಆ ಆಮ್ಲ ಬಿಡುವುದಿಲ್ಲ. ನಮ್ಮಲ್ಲಿ ಅದೇ ಇದೆ, ಇವತ್ತಿಗೂ ಗಟ್ಟಿ. ನಮಗೆ ಹೊಡೆತ ಬಿದ್ದದ್ದು ಬೇರೆ ಕಡೆ. ಕೇಬಲ್ ನೇರವಾಗಿ ಗೋಡೆಯ ತೂತಿಗೆ ಇಳಿದಿತ್ತು. ನೀರು ಅದರ ಮೈಮೇಲೆ ಹರಿದು ಟಿವಿ ಕಪಾಟಿಗೆ ಬಂತು. ಪ್ಲೈವುಡ್ ಉಬ್ಬಿ 6,800 ರೂಪಾಯಿ ಹೋಯಿತು. ತೂತಿನ ಹೊರಗೆ ಕೇಬಲ್ ಒಮ್ಮೆ ಕೆಳಕ್ಕೆ ಬಾಗಿ ಮೇಲೇರಿದ್ದರೆ ನೀರು ಅಲ್ಲೇ ತೊಟ್ಟಿಕ್ಕುತ್ತಿತ್ತು.

ಕುಂದಾಪುರ: ನಿಮ್ಮ ಗಟ್ಟಿ ಸಿಲಿಕಾನನ್ನು ಬಿಚ್ಚುವುದು ಹೇಗೆ? ಚಾಕು ಹಿಡಿದು ಕೆರೆಯಬೇಕು, ಕೇಬಲೂ ಗೀರುತ್ತದೆ. ಟೇಪಾದರೆ ಒಂದು ಸೀಳಿಗೆ ಸುಲಿದು ಬರುತ್ತದೆ.

ಶಿರಸಿ: ನಾನು ಬಿಚ್ಚುವ ಪ್ರಸಂಗವೇ ಬಂದಿಲ್ಲ.

ಮೈಸೂರು: ಇಬ್ಬರೂ ಹೊದಿಕೆಗಾಗಿ ಕಾದಾಡುತ್ತಿದ್ದೀರಿ, ಕನೆಕ್ಟರಿನ ಮಾತೇ ಇಲ್ಲ. ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವನು. ನಮ್ಮ ರೇಡಿಯೋ ಕೇಬಲಿಗೆ ಹಾಕುವ ಪಿಎಲ್-259 ಕನೆಕ್ಟರಿಗೆ ನೀರು ತಡೆಯುವ ಗುಣವೇ ಇಲ್ಲ. ಒಳಗಿಳಿದ ನೀರು ಹೆಣೆದ ತಂತಿಯ ಪದರ ಹಿಡಿದು ದೂರದವರೆಗೆ ಹರಿದು, ಕೇಬಲನ್ನೇ ಕೆಡಿಸಿತು. ಆ ದಪ್ಪ ಕೇಬಲ್ ಮೀಟರಿಗೆ 140 ರೂಪಾಯಿ. ಎಲ್ಲವನ್ನೂ ಒಳಗೆ ರಬ್ಬರ್ ಉಂಗುರವಿರುವ ಎನ್ ಕನೆಕ್ಟರಿಗೆ ಬದಲಿಸಿದೆ, ಒಂದಕ್ಕೆ 280. ದುಬಾರಿ ಎಂದವರು ಈಗ ನನ್ನ ಬಳಿಯೇ ಕೇಳಲು ಬರುತ್ತಾರೆ. ಹಾಗೆಂದು ಎನ್ ಇದ್ದರೂ ಟೇಪ್ ಬಿಡಬೇಡಿ. ರೂಟರಿನ ಸಣ್ಣ ಎಸ್‌ಎಂಎ ಜೋಡಣೆ ಮನೆಯೊಳಗೇ ಇರಲಿ.

ತೀರ್ಥಹಳ್ಳಿ: ಡಿಶ್ ಹಾಕುವವರನ್ನು ಬಯ್ಯುವುದು ಸುಲಭ. ಆ ಕೆಲಸ ನನ್ನದು. ಒಂದು ಮನೆಗೆ ನನ್ನ ಕೈಗೆ ಸಿಗುವುದು 150, ಪೆಟ್ರೋಲ್ ನನ್ನದೇ. ರಬ್ಬರ್ ಟೇಪಿನ ಸುರುಳಿ 300. ಐವತ್ತು ಹೆಚ್ಚು ಕೊಡಿ, ಟೇಪ್ ಸುತ್ತಿಕೊಡುತ್ತೇನೆ ಎಂದರೆ ಮುಖ ತಿರುಗಿಸುತ್ತಾರೆ. ಇನ್ನೊಂದು: ಜಡಿಮಳೆಗೆ ಚಿತ್ರ ಹೋಗಿ, ಮಳೆ ಬಿಟ್ಟ ಕೂಡಲೇ ಬಂದರೆ ಅದು ಕನೆಕ್ಟರಿನ ದೋಷವಲ್ಲ, ಉಪಗ್ರಹದಿಂದ ಡಿಶ್ಶಿಗೆ ಬರುವ ಕು ಬ್ಯಾಂಡ್ ಅಲೆಗಳನ್ನು ಮಳೆಯೇ ಹೀರುತ್ತದೆ. ಅದಕ್ಕೂ ನಮಗೇ ಫೋನ್. ಬಿಸಿಲು ಬಂದ ಮೇಲೂ ಚಿತ್ರ ಬಾರದಿದ್ದರೆ ಆಗ ಬಿಚ್ಚಿ ನೋಡಿ. ಎಲ್‌ಎನ್‌ಬಿಗೆ ಅದೇ ಕೇಬಲಿನಲ್ಲಿ 13 ಅಥವಾ 18 ವೋಲ್ಟ್ ಹೋಗುತ್ತದೆ, ಒದ್ದೆಯಾದ ಜೋಡಣೆ ಬೇಗ ಸವೆಯುತ್ತದೆ.

ಕುಂದಾಪುರ: ನಾನು 350 ಕೊಟ್ಟಿದ್ದೇನೆ, ನಿಮಗೆ ಸಿಗುವುದು 150 ಎಂದರೆ ಉಳಿದದ್ದು ಯಾರಿಗೆ?

ತೀರ್ಥಹಳ್ಳಿ: ಅದನ್ನು ನನ್ನನ್ನಲ್ಲ, ರಸೀದಿ ಕೊಟ್ಟವರನ್ನು ಕೇಳಿ.