ಗೋಡೆಯ ಮೇಲಿನ ಶ್ಲೋಕ, ವಚನ, ಆಜ್ಞೆ: ‘ಪ್ರದರ್ಶನ’ ಎನ್ನುವುದು ಸರಿಯೇ?

ಪ್ರಶ್ನೆ (ವಿರಾಜಪೇಟೆಯಿಂದ)

ಬಲ್ಲವರಿಗೆ ನಮಸ್ಕಾರ. ಬಸ್ ತಂಗುದಾಣ, ಶಾಲೆಯ ಗೋಡೆ ಮತ್ತು ಸೆಸ್ಕ್‌ನ ವಿದ್ಯುತ್ ಕಂಬಗಳ ಮೇಲೆ ಕಾಣುವ ಧಾರ್ಮಿಕ ಬರಹಗಳ ಬಗ್ಗೆ ಗ್ರಾಮಸಭೆಗೆ ಕೊಡಬೇಕಾದ ಒಂದು ಅರ್ಜಿಯ ಕರಡನ್ನು ತಿದ್ದಬೇಕಾಗಿದೆ. ಅಮೆರಿಕದ ಶಾಲೆಗಳಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳನ್ನು ತೂಗುಹಾಕುವ ವ್ಯಾಜ್ಯದ ಮೇಲೊಂದು ಟಿಪ್ಪಣಿಯೂ ಅದರ ಜೊತೆಗೆ ಹೋಗಲಿದೆ. ಎರಡರಲ್ಲೂ ‘ಧರ್ಮಗ್ರಂಥಗಳ ಸಾರ್ವಜನಿಕ ಪ್ರದರ್ಶನ’ ಎಂದು ಬರೆದಿದ್ದಾರೆ. ಓದಿದರೆ ಪುಸ್ತಕ ಮೇಳದ ಸುದ್ದಿಯಂತಿದೆ. ಇದಕ್ಕೆ ಸರಿಯಾದ ಮಾತು ಯಾವುದು? ‘ಸಾರ್ವಜನಿಕ ಸ್ಥಳ’, ‘ಸಾರ್ವಜನಿಕರಿಗೆ ಕಾಣುವ ಸ್ಥಳ’ ಇವೆರಡೂ ಒಂದೆಯೇ? ‘ದಶಾಜ್ಞೆ’, ‘ಹತ್ತು ಕಟ್ಟಳೆ’ಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವುದು? ಕೊನೆಯಲ್ಲಿ ‘ಕೂಡಲೇ ಕಿತ್ತುಹಾಕಬೇಕು’ ಎಂದಿದೆ, ಅದೂ ಒರಟಾಯಿತು ಅನ್ನಿಸುತ್ತದೆ. ದಯವಿಟ್ಟು ತಿಳಿಸಿ.

ಉತ್ತರ (ಮಡಿಕೇರಿಯಿಂದ)

ತಮ್ಮ ಅನುಮಾನ ಸರಿಯಾಗಿಯೇ ಇದೆ. ಕನ್ನಡದಲ್ಲಿ ಪ್ರದರ್ಶನ ಎಂದ ಕೂಡಲೇ ನೆನಪಾಗುವುದು ರಾಜಾಸೀಟಿನ ಫಲಪುಷ್ಪ ಪ್ರದರ್ಶನ, ಇಲ್ಲವೇ ಚುನಾವಣೆ ಹೊತ್ತಿನ ಬಲಪ್ರದರ್ಶನ. ಮೊದಲನೆಯದು ಕೆಲವು ದಿನ ಇದ್ದು ಮುಗಿಯುವಂಥದ್ದು, ಎರಡನೆಯದು ಎದುರಾಳಿಗೆಂದೇ ತೋರಿಸುವಂಥದ್ದು. ಅರ್ಜಿಯಲ್ಲಿ ಈ ಪದ ಹಾಕಿದರೆ ಬರಹ ಹಾಕಿದವರು ಬೇರೆಯವರನ್ನು ಕೆಣಕಲೆಂದೇ ಹಾಕಿದರು ಎಂಬ ಆರೋಪ ತಾನಾಗಿ ಸೇರಿಕೊಳ್ಳುತ್ತದೆ. ಆ ಆರೋಪ ಮಾಡುವ ಉದ್ದೇಶ ಇಲ್ಲದಿದ್ದರೆ ಪದವನ್ನು ಬಿಡುವುದೇ ಒಳ್ಳೆಯದು.

ಅದರ ಬದಲಿಗೆ ಒಂದೇ ಪದ ಹುಡುಕಬೇಡಿ. ಏನಾಗಿದೆಯೋ ಅದನ್ನೇ ಹೇಳುವ ಕ್ರಿಯಾಪದ ಬಳಸಿ: ಬರೆದಿದೆ, ಕೆತ್ತಿದೆ, ಅಂಟಿಸಿದೆ, ತೂಗುಹಾಕಿದೆ, ನಿಲ್ಲಿಸಿದೆ, ಕಟ್ಟಿದೆ. ಇದು ಬರೀ ಶೈಲಿಯ ಮಾತಲ್ಲ. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಕೂಡ ಅಂಟಿಸುವುದು, ನಿಲ್ಲಿಸುವುದು, ಬರೆಯುವುದು ಅಥವಾ ಕೆತ್ತುವುದು, ಪ್ರದರ್ಶಿಸುವುದು ಎಂದು ಬಿಡಿಬಿಡಿಯಾಗಿಯೇ ಹೇಳುತ್ತದೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಇವುಗಳಲ್ಲಿ ಯಾವುದನ್ನು ಮಾಡಿದರೂ ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಯ್ದೆ ಯಾವ ಊರಿಗೆ ಅನ್ವಯ ಎಂಬುದು ಅಧಿಸೂಚನೆಯ ಮೇಲೆ ನಿಂತಿರುವುದರಿಂದ, ಅರ್ಜಿಯಲ್ಲಿ ಕಲಂ ನಮೂದಿಸುವ ಮುನ್ನ ಪಂಚಾಯಿತಿ ಅಥವಾ ಪುರಸಭೆಯ ಕಚೇರಿಯಲ್ಲಿ ಕೇಳಿಕೊಳ್ಳಿ.

‘ಸಾರ್ವಜನಿಕ ಸ್ಥಳ’, ‘ಸಾರ್ವಜನಿಕರಿಗೆ ಕಾಣುವ ಸ್ಥಳ’ ಖಂಡಿತ ಒಂದೇ ಅಲ್ಲ. ಇಲ್ಲಿ ಎಡವಿದರೆ ಇಡೀ ಅರ್ಜಿ ಅಡ್ಡದಾರಿ ಹಿಡಿಯುತ್ತದೆ. ಬಸ್ ತಂಗುದಾಣ ಸಾರ್ವಜನಿಕ ಸ್ಥಳ. ರಸ್ತೆಗೆ ಮುಖ ಮಾಡಿದ ಒಬ್ಬರ ಕಾಫಿ ತೋಟದ ಕಾಂಪೌಂಡು ಗೋಡೆ ಖಾಸಗಿ ಸ್ಥಳ, ಆದರೆ ಹೋಗುವವರಿಗೆ ಬರುವವರಿಗೆ ಕಾಣುತ್ತದೆ. ಮೇಲೆ ಹೇಳಿದ ಕಾಯ್ದೆ ಎರಡನೆಯದನ್ನೂ ಒಳಗೊಳ್ಳುತ್ತದೆ: ಸಾರ್ವಜನಿಕ ಸ್ಥಳದಲ್ಲಿ ನಿಂತವರಿಗೆ ಅಥವಾ ಅಲ್ಲಿ ಹಾದುಹೋಗುವವರಿಗೆ ಕಾಣುವ ಖಾಸಗಿ ಕಟ್ಟಡ, ಗೋಡೆ, ಬೇಲಿ, ಕಂಬ, ಮರ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಸಂವಿಧಾನದ ಪ್ರಶ್ನೆಯೇ ಬೇರೆ. ಅಲ್ಲಿ ಕೇಳಬೇಕಾದದ್ದು ಕಾಣುತ್ತದೆಯೇ ಎಂದಲ್ಲ. ಗೋಡೆ ಸರ್ಕಾರದ್ದೇ, ಖರ್ಚು ಸರ್ಕಾರದ್ದೇ, ನೋಡುವವರಿಗೆ ಅಲ್ಲಿಂದ ಎದ್ದು ಹೋಗುವ ಅವಕಾಶ ಇದೆಯೇ ಎಂದು. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು ಎನ್ನುವುದು 28ನೇ ವಿಧಿ. ತಂಗುದಾಣದಲ್ಲಿ ಬಸ್ಸಿಗೆ ಕಾಯುವವರು ಮುಖ ತಿರುಗಿಸಬಹುದು. ಕರಿಹಲಗೆಯ ಪಕ್ಕದ ಬರಹದಿಂದ ಮಗುವಿಗೆ ಹಾಗೆ ತಪ್ಪಿಸಿಕೊಳ್ಳಲಾಗದು. ಆದ್ದರಿಂದ ಅರ್ಜಿಯಲ್ಲಿ ಶಾಲೆಯನ್ನೂ ತಂಗುದಾಣವನ್ನೂ ಒಂದೇ ವಾಕ್ಯಕ್ಕೆ ಸೇರಿಸಬೇಡಿ.

ಹತ್ತು ಆಜ್ಞೆಗಳ ವ್ಯಾಜ್ಯದಲ್ಲೂ ತೀರ್ಪು ನಿಂತದ್ದು ಇಂಥ ವಿವರಗಳ ಮೇಲೆಯೇ. ಕೆಂಟಕಿ ರಾಜ್ಯ 1978ರಲ್ಲಿ ಪ್ರತಿ ತರಗತಿಯಲ್ಲೂ 16 ಇಂಚು ಅಗಲ, 20 ಇಂಚು ಎತ್ತರದ, ಆಜ್ಞೆಗಳ ಪ್ರತಿಯನ್ನು ತೂಗುಹಾಕಬೇಕೆಂದು ಕಾನೂನು ಮಾಡಿತು. ಹಣ ದಾನಿಗಳದ್ದು. ಇದು ಪಾಶ್ಚಾತ್ಯ ನಾಗರಿಕತೆಯ ಕಾನೂನಿಗೆ ಮೂಲ ಎಂಬ ಸಮಜಾಯಿಷಿ ಪ್ರತಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿರಬೇಕಿತ್ತು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾನೂನನ್ನು ರದ್ದು ಮಾಡಿತು: ಕೊಲೆ, ಕಳವು, ತಂದೆತಾಯಿಯ ಗೌರವ ಇವು ಲೌಕಿಕ ನೀತಿ ಎನ್ನಬಹುದಾದರೂ, ಮೊದಲ ಆಜ್ಞೆಗಳು ಒಬ್ಬನೇ ದೇವರ ಆರಾಧನೆ, ವಿಗ್ರಹ ನಿಷೇಧ, ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನದ ಆಚರಣೆಯ ಮಾತು, ಅಡಿಟಿಪ್ಪಣಿ ಅದನ್ನು ಮುಚ್ಚಲಾರದು.

2005ರ ಜೂನ್ 27ರಂದು ಅದೇ ಕೋರ್ಟ್ ಒಂದೇ ದಿನ ಎರಡು ತೀರ್ಪು ಕೊಟ್ಟಿತು, ಎರಡೂ ಐದಕ್ಕೆ ನಾಲ್ಕರ ಅಂತರದಲ್ಲಿ. ಟೆಕ್ಸಸ್ ಶಾಸನಭವನದ 22 ಎಕರೆ ಆವರಣದಲ್ಲಿ ಬೇರೆ ಹದಿನಾರು ಸ್ಮಾರಕಗಳ ನಡುವೆ 1961ರಿಂದ ನಿಂತಿದ್ದ, ಆರಡಿ ಎತ್ತರದ ಆಜ್ಞೆಗಳ ಕಲ್ಲು ಉಳಿಯಿತು. ಕೆಂಟಕಿಯ ಎರಡು ಕೌಂಟಿಗಳ ನ್ಯಾಯಾಲಯ ಕಟ್ಟಡಗಳಲ್ಲಿ 1999ರಲ್ಲಿ ತೂಗುಹಾಕಿದ್ದ ಆಜ್ಞೆಗಳ ಚೌಕಟ್ಟುಗಳು ಉಳಿಯಲಿಲ್ಲ. ಒಂದು ‘ನಿಲ್ಲಿಸಿದ ಕಲ್ಲು’, ಇನ್ನೊಂದು ‘ತೂಗುಹಾಕಿದ ಚೌಕಟ್ಟು’. ತಮ್ಮ ಟಿಪ್ಪಣಿ ಎರಡನ್ನೂ ‘ಪ್ರದರ್ಶನ’ ಎಂದುಬಿಟ್ಟರೆ ತೀರ್ಪು ಏಕೆ ಬೇರೆಯಾಯಿತೆಂದು ಓದುಗರಿಗೆ ತಿಳಿಯುವುದೇ ಇಲ್ಲ.

ತರಗತಿಯಲ್ಲಿ ಆಜ್ಞೆಗಳನ್ನು ಹಾಕಬೇಕೆನ್ನುವ ಅಲ್ಲಿನ ಈಚಿನ ಕಾನೂನುಗಳ ಪದಗಳನ್ನೂ ಗಮನಿಸಿ. 2024ರ ಲೂಸಿಯಾನ ಕಾನೂನು ಕನಿಷ್ಠ 11 ಇಂಚಿಗೆ 14 ಇಂಚಿನ ಹಾಳೆ, ದೊಡ್ಡದಾಗಿ ಸುಲಭವಾಗಿ ಓದಲು ಬರುವ ಅಕ್ಷರ ಎಂದಿದೆ. 2025ರ ಟೆಕ್ಸಸ್ ಕಾನೂನು 16ಕ್ಕೆ 20 ಇಂಚು, ಎದ್ದು ಕಾಣುವ ಜಾಗ, ಸಾಧಾರಣ ದೃಷ್ಟಿಯವರಿಗೆ ತರಗತಿಯ ಯಾವ ಮೂಲೆಯಿಂದಲೂ ಓದಲು ಬರಬೇಕು ಎನ್ನುತ್ತದೆ. ‘ಕಾಣುವಂತೆ’ ಮತ್ತು ‘ಓದಲು ಬರುವಂತೆ’ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಹತ್ತು ಅಡಿ ದೂರಕ್ಕೆ ಒಂದು ಇಂಚಿನ ಅಕ್ಷರ ಎಂಬುದು ಬೋರ್ಡು ಬರೆಯುವವರ ಸಾಮಾನ್ಯ ಲೆಕ್ಕ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇನ್ನೂ ಜಾಗ ಬಿಡಬೇಕು. ಅರ್ಜಿಯಲ್ಲಿ ಅಕ್ಷರದ ಎತ್ತರ ಮತ್ತು ದೂರ ಬರೆದರೆ ‘ಕಣ್ಣಿಗೆ ರಾಚುವಂತೆ’ ಎಂಬ ಮಾತಿನ ಅಗತ್ಯವೇ ಬೀಳುವುದಿಲ್ಲ.

‘ದಶಾಜ್ಞೆ’, ‘ಹತ್ತು ಕಟ್ಟಳೆ’ ಎರಡೂ ಬಳಕೆಯಲ್ಲಿವೆ, ಯಾವುದಾದರೂ ಆದೀತು. ಮುಖ್ಯವಾದದ್ದು ಎಣಿಕೆ. ವಿಮೋಚನಕಾಂಡದ 20ನೇ ಅಧ್ಯಾಯದಲ್ಲೂ ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲೂ ಈ ಪಠ್ಯವಿದೆ, ಆದರೆ ಅಲ್ಲಿ ಒಂದು ಎರಡು ಎಂದು ಅಂಕಿ ಹಾಕಿಲ್ಲ. ಯಹೂದ್ಯರಿಗೆ ‘ನಾನೇ ನಿನ್ನ ದೇವರು’ ಎಂಬುದೇ ಮೊದಲನೆಯದು. ವಿಗ್ರಹ ನಿಷೇಧವನ್ನು ಪ್ರೊಟೆಸ್ಟೆಂಟರಲ್ಲಿ ಬಹುತೇಕರು ಎರಡನೆಯದಾಗಿ ಬೇರೆ ಎಣಿಸುತ್ತಾರೆ; ಕ್ಯಾಥೊಲಿಕರು ಮತ್ತು ಲೂಥರನ್ನರು ಅದನ್ನು ಮೊದಲನೆಯದರೊಳಗೆ ಸೇರಿಸಿ, ಆಸೆಪಡಬೇಡ ಎಂಬುದನ್ನು ಎರಡಾಗಿ ಒಡೆಯುತ್ತಾರೆ. ಹಾಗಾಗಿ ಗೋಡೆಗೆ ಯಾವ ಪಾಠ ಹಾಕಿದರೂ ಅದು ಯಾರೋ ಒಬ್ಬರ ಪಾಠವಾಗುತ್ತದೆ. ಟಿಪ್ಪಣಿಯಲ್ಲಿ ‘ಎರಡನೇ ಆಜ್ಞೆ’ ಎಂದಷ್ಟೇ ಬರೆಯಬೇಡಿ, ಯಾರ ಎಣಿಕೆ ಎಂದು ಸೇರಿಸಿ.

ಇನ್ನು ‘ಧರ್ಮಗ್ರಂಥ’. ಗೋಡೆಯ ಮೇಲಿರುವುದು ಗ್ರಂಥವಲ್ಲ, ಅದರೊಳಗಿನ ಎರಡು ಸಾಲು. ‘ಧಾರ್ಮಿಕ ಬರಹ’ ಸಾಕು. ಶಾಲೆಗಳಲ್ಲಿ ಎಲ್ಲರೂ ಹೇಳುವುದು ‘ಗೋಡೆಬರಹ’. ಆದರೆ ಯಾವ ಸಾಲು ಧಾರ್ಮಿಕ, ಯಾವುದು ನೀತಿ ಎಂಬಲ್ಲಿ ನಿಜವಾದ ತೊಡಕಿದೆ. ಬಸವಣ್ಣನವರ ‘ಕಳಬೇಡ, ಕೊಲಬೇಡ’ ವಚನವನ್ನೇ ನೋಡಿ. ಅದರ ಕೊನೆಯ ಮಾತು ಕೂಡಲಸಂಗಮದೇವರನ್ನು ಒಲಿಸುವ ಪರಿ ಇದೇ ಎಂದು. ಶಾಲೆಯ ಗೋಡೆಗೆ ಬರುವಾಗ ಎಷ್ಟೋ ಕಡೆ ಈ ಕೊನೆಯ ಸಾಲು ಬಿಟ್ಟುಹೋಗಿ, ‘ಇದೇ ಅಂತರಂಗ ಶುದ್ಧಿ, ಇದೇ ಬಹಿರಂಗ ಶುದ್ಧಿ’ಗೆ ನಿಲ್ಲುತ್ತದೆ. ಅಂಕಿತ ಇಲ್ಲದಾಗ ಅದು ನೀತಿಪಾಠ, ಅಂಕಿತ ಇದ್ದಾಗ ಭಕ್ತಿಯ ನುಡಿ. ಕೆಂಟಕಿಯ ಕಾನೂನನ್ನು ರದ್ದು ಮಾಡುವಾಗ ಅಮೆರಿಕದ ಸುಪ್ರೀಂ ಕೋರ್ಟ್ ಹತ್ತು ಆಜ್ಞೆಗಳ ಒಳಗೆ ಎಳೆದದ್ದೂ ಇದೇ ಗೆರೆ. ವಚನವನ್ನು ಹೀಗೆ ಮೊಟಕು ಮಾಡುವುದು ಸಾಹಿತ್ಯದ ದೃಷ್ಟಿಯಿಂದ ತಪ್ಪೆಂದೇ ನನ್ನ ಅಭಿಪ್ರಾಯ. ಆದರೆ ಅರ್ಜಿಯಲ್ಲಿ ‘ವಚನ ಬರೆದಿದ್ದಾರೆ’ ಎಂದಷ್ಟೇ ಹೇಳಬಾರದು, ಎಲ್ಲಿಂದ ಎಲ್ಲಿಯವರೆಗೆ ಬರೆದಿದ್ದಾರೆಂದು ಸಾಲು ಸಾಲಾಗಿ ನಕಲು ಮಾಡಬೇಕು. ‘ಸತ್ಯಮೇವ ಜಯತೇ’ ಮುಂಡಕೋಪನಿಷತ್ತಿನದು, ಆದರೂ ಲಾಂಛನದ ಕೆಳಗೆ ಅದು ಧ್ಯೇಯವಾಕ್ಯ. ವಿಧಾನಸೌಧದ ‘ಸರ್ಕಾರದ ಕೆಲಸ ದೇವರ ಕೆಲಸ’ದಲ್ಲಿ ದೇವರಿದ್ದಾನೆ, ಯಾವ ಮತದ ಗ್ರಂಥವೂ ಇಲ್ಲ. ಇವನ್ನು ಧಾರ್ಮಿಕ ಬರಹದ ಪಟ್ಟಿಗೆ ಸೇರಿಸಿದರೆ ಅರ್ಜಿಯ ತೂಕ ಇಳಿಯುತ್ತದೆ.

ಕೊಡಗಿನಲ್ಲಿ ಇನ್ನೊಂದು ಮಾತು ನೆನಪಿಡಬೇಕು. ಐನ್‌ಮನೆ ಎಂಬ ಕುಲದ ಮೂಲಮನೆಯ ತೂಗುದೀಪ, ಹಿರಿಯರನ್ನು ಪೂಜಿಸುವ ಗುಡಿಯಾದ ಕೈಮಡ, ದೇವರಕಾಡು ಇಲ್ಲಿ ಪವಿತ್ರ. ಓದಿ ಪೂಜಿಸುವ ಗ್ರಂಥದ ಮೇಲೆ ಕೊಡವರ ಆಚರಣೆ ನಿಂತಿಲ್ಲ. ಹಾಗಾಗಿ ಊರಿನ ಹಬ್ಬಕ್ಕೆ ಮುಂಚೆ ‘ಕಟ್ಟ್’ (ಹಬ್ಬದವರೆಗಿನ ಊರ ನಿರ್ಬಂಧ) ಬಿದ್ದಿದೆ, ಹಸಿಮರ ಕಡಿಯಬಾರದು ಎಂಬ ಬೋರ್ಡನ್ನು ಧಾರ್ಮಿಕ ಬರಹ ಎನ್ನುವುದು ಸರಿಹೊಂದದು. ಅದು ಕಟ್ಟುಪಾಡಿನ ಸೂಚನೆ. ಆದರೆ ಪಂಚಾಯಿತಿಯ ಸೂಚನಾಫಲಕದಲ್ಲಿ ಅಂಟಿಸುವಾಗ ‘ಊರಿನ ದೇವಸ್ಥಾನದ ಪ್ರಕಟಣೆ’ ಎಂಬ ತಲೆಬರಹ ಬೇಕೇ ಬೇಕು, ಇಲ್ಲದಿದ್ದರೆ ಪಂಚಾಯಿತಿಯೇ ಆಜ್ಞೆ ಮಾಡಿದಂತಾಗುತ್ತದೆ. ಕುಶಾಲನಗರ ದಾಟಿದರೆ ಬೈಲುಕುಪ್ಪೆಯಲ್ಲಿ ಟಿಬೆಟನ್ನರ ಪ್ರಾರ್ಥನಾ ಬಾವುಟಗಳಿವೆ: ನೀಲಿ, ಬಿಳಿ, ಕೆಂಪು, ಹಸಿರು, ಹಳದಿ, ಇದೇ ಸಾಲಿನಲ್ಲಿ. ಬಟ್ಟೆಯ ತುಂಬ ಮಂತ್ರ ಅಚ್ಚಾಗಿರುತ್ತದೆ, ಆದರೆ ಅದು ದಾರಿಹೋಕರು ಓದಲೆಂದು ಅಲ್ಲ, ಗಾಳಿಗೆ ಒಡ್ಡಲೆಂದು. ಅದಕ್ಕೆ ‘ಕಟ್ಟಿದ್ದಾರೆ’ ಎನ್ನಬೇಕು.

ಮರು ಉತ್ತರ (ಸೋಮವಾರಪೇಟೆಯಿಂದ)

ಮೇಲಿನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ‘ಕಿತ್ತುಹಾಕು’ ಬಗ್ಗೆ ಮಾತ್ರ ನನ್ನದೊಂದು ಸೇರ್ಪಡೆ. ಜಗಳ ಹುಟ್ಟುವುದು ಹಾಕಿದಾಗಲ್ಲ, ತೆಗೆಯುವಾಗ.

ಕಚೇರಿಯ ನೋಟಿಸಿನಲ್ಲಿ ‘ತೆರವುಗೊಳಿಸು’ ಎಂದಿರುತ್ತದೆ, ಒತ್ತುವರಿಗೂ ಅದೇ ಪದ. ಪೂಜ್ಯವಾದದ್ದಕ್ಕೆ ಜನ ಆಡುವ ಮಾತು ‘ಇಳಿಸು’. ಅರ್ಜಿಯಲ್ಲಿ ‘ಗೌರವದಿಂದ ಇಳಿಸಿ ಹಾಕಿದವರಿಗೇ ಒಪ್ಪಿಸಬೇಕು’ ಎಂದು ಬರೆಯಿರಿ. ಬಣ್ಣದಲ್ಲಿ ಬರೆದದ್ದನ್ನು ಇಳಿಸಲಾಗದು. ಅದಕ್ಕೆ ‘ಸುಣ್ಣ ಬಳಿದು ಮರೆಮಾಡು’ ಎನ್ನಬೇಕು, ‘ಅಳಿಸು’ ಬೇಡ, ‘ಕೆರೆದು ತೆಗೆ’ ಅಂತೂ ಬೇಡವೇ ಬೇಡ. ಸುಣ್ಣ ಒಂದೇ ಕೈ ಬಳಿದರೆ ಮೊದಲ ಮಳೆಗೇ ಕಪ್ಪಕ್ಷರ ಮತ್ತೆ ಮೇಲೆ ಬರುತ್ತದೆ, ಅರ್ಧ ಕಾಣುವ ಆ ಅಕ್ಷರವೇ ಹೊಸ ದೂರಿಗೆ ಕಾರಣವಾಗುತ್ತದೆ. ಮೊದಲು ಪ್ರೈಮರ್, ಆಮೇಲೆ ಎರಡು ಕೈ ಬಣ್ಣ ಬೇಕು.

ಇಳಿಸುವ ಮೊದಲು ಅಳತೆ ಸಮೇತ ಫೋಟೊ, ಇಬ್ಬರು ಪಂಚರ ಎದುರು ಸ್ಥಳ ಮಹಜರು, ಹಾಕಿದವರಿಗೆ ಲಿಖಿತ ತಿಳಿವಳಿಕೆ. ಇಳಿಸಿದ್ದನ್ನು ನೆಲಕ್ಕಿಡದೆ ಬಟ್ಟೆಯಲ್ಲಿ ಸುತ್ತಿ, ರಸೀದಿ ಬರೆಸಿಕೊಂಡು ಒಪ್ಪಿಸಬೇಕು. 1958ರಲ್ಲಿ ವೀರಭದ್ರನ್ ಚೆಟ್ಟಿಯಾರ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಒಂದು ವರ್ಗದ ಜನ ಪವಿತ್ರವೆಂದು ನಂಬುವ ಯಾವ ವಸ್ತುವಾದರೂ, ಅದು ಎಷ್ಟೇ ಕ್ಷುಲ್ಲಕವಾಗಿರಲಿ, ರಕ್ಷಣೆಗೆ ಒಳಪಡುತ್ತದೆ ಎಂದಿತು. ಆಗ ಅದು ದಂಡಸಂಹಿತೆಯ 295ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 298. ಅಪಮಾನದ ಉದ್ದೇಶ ಅಥವಾ ಅಪಮಾನವಾಗುತ್ತದೆಂಬ ಅರಿವು ಸಾಬೀತಾಗಬೇಕು, ನಿಜ. ಮಹಜರು, ರಸೀದಿ ಇದ್ದರೆ ಆ ಮಾತೇ ಏಳುವುದಿಲ್ಲ.

ಇನ್ನೊಂದು ವಿಷಯ ಅರ್ಜಿಯಲ್ಲಿ ಖಂಡಿತ ಬರಲಿ. ಧಾರ್ಮಿಕ ಬರಹವನ್ನು ಫ್ಲೆಕ್ಸಿನ ಮೇಲೆ ಅಚ್ಚು ಹಾಕಿಸಬಾರದು. ಪ್ಲಾಸ್ಟಿಕ್ ಬ್ಯಾನರು, ಫ್ಲೆಕ್ಸುಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಅದು ಹಾಗಿರಲಿ, ಜೂನ್ ಗಾಳಿಗೆ ಸೆಸ್ಕ್ ಕಂಬದ ಫ್ಲೆಕ್ಸು ಮೊಳೆಯ ತೂತಿನಿಂದ ಸೀಳಿ ಚರಂಡಿಗೆ ಬೀಳುತ್ತದೆ, ಮೇಲೆ ದೇವರ ಹೆಸರಿರುತ್ತದೆ, ಜನ ತುಳಿದು ಓಡಾಡುತ್ತಾರೆ, ಯಾರೂ ಹರಿಯದಿದ್ದರೂ ‘ಹರಿದರು’ ಎಂಬ ದೂರು ಠಾಣೆಗೆ ಹೋಗುತ್ತದೆ. ಹಳೆಯ ಕುರ್‌ಆನ್ ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ಹೂಳುತ್ತಾರೆ, ಪ್ರಾರ್ಥನಾ ಬಾವುಟವನ್ನು ಸುಡುತ್ತಾರೆ, ಪೂಜೆಯ ಕಾಗದವನ್ನು ಹರಿಯುವ ನೀರಿಗೆ ಬಿಡುತ್ತಾರೆ. ಫ್ಲೆಕ್ಸನ್ನು ಹೂಳಿದರೆ ಕರಗದು, ಸುಟ್ಟರೆ ವಿಷದ ಹೊಗೆ, ಕಾವೇರಿಗಂತೂ ಬಿಡುವಂತಿಲ್ಲ. ಅದಕ್ಕೆ ‘ವಿಸರ್ಜನೆ’ ಎಂಬ ಪದವೇ ಒಗ್ಗದು.

ಕರಡಿಗೆ ಈ ವಾಕ್ಯ ಆದೀತೇ ನೋಡಿ: ‘ಪಂಚಾಯಿತಿಗೆ ಸೇರಿದ ಬಸ್ ತಂಗುದಾಣದ ಒಳಗೋಡೆಯಲ್ಲಿ, ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ, ಇಷ್ಟು ಅಡಿ ಉದ್ದ ಇಷ್ಟು ಅಡಿ ಅಗಲದ ಫಲಕದಲ್ಲಿ ಈ ಕೆಳಗೆ ನಕಲು ಮಾಡಿರುವ ಧಾರ್ಮಿಕ ಬರಹವನ್ನು ತೂಗುಹಾಕಲಾಗಿದೆ. ಹಾಕಿದವರಿಗೆ ತಿಳಿಸಿ, ಪಂಚರ ಸಮಕ್ಷಮ ಗೌರವದಿಂದ ಇಳಿಸಿ, ಅವರಿಗೇ ಒಪ್ಪಿಸಿ ರಸೀದಿ ಪಡೆಯಬೇಕೆಂದು ಕೋರಿಕೆ.’ ಶಾಲೆಯದಕ್ಕೆ ಬೇರೆ ಹಾಳೆ ಮಾಡಿ, 28ನೇ ವಿಧಿ ನಮೂದಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಿ.