ಅಪ್‌ಡೇಟ್: ಕ್ಲೀವ್‌ಲ್ಯಾಂಡ್ ಡೂಪ್ಲೆಕ್ಸ್ ಕೈಬಿಟ್ಟೆ
ಹೋದ ತಿಂಗಳು ಕೇಳಿದ್ನಲ್ಲ, ಕ್ಯಾಲಿಫೋರ್ನಿಯಾದಲ್ಲಿ ಕೂತು ಒಹಾಯೋದ ಕ್ಲೀವ್‌ಲ್ಯಾಂಡಲ್ಲಿ ಬಾಡಿಗೆಗೆ ಕೊಡೋಕೆ ಡೂಪ್ಲೆಕ್ಸ್ (ಒಂದೇ ಕಟ್ಟಡದಲ್ಲಿ ಎರಡು ಮನೆ) ತಗೋಬಹುದಾ ಅಂತ, ಅದನ್ನ ಬಿಟ್ಟೆ. ನೀವು ಹೇಳಿದ ಹಾಗೆ ಏಜೆಂಟ್ ತೋರ್ಸಿದವನನ್ನ ಬಿಟ್ಟು ನಾನೇ ಬೇರೆ ಇನ್ಸ್‌ಪೆಕ್ಟರ್ ಹಿಡಿದು ಚರಂಡಿ ಪೈಪೊಳಗೆ ಕ್ಯಾಮೆರಾ ಬಿಡಿಸಿದೆ, ಹಳೇ ಮಣ್ಣಿನ ಪೈಪು, ಪೂರ್ತಿ ಮರದ ಬೇರು! ಮೇಲೆ ಹೊಸ ಪೇಂಟ್ ಬಳಿದು ಫೋಟೋ ಹಾಕಿದ್ರು ಅಷ್ಟೇ. ಅದೂ ಅಲ್ದೆ ಕ್ಲೀವ್‌ಲ್ಯಾಂಡಲ್ಲಿ 1978ಕ್ಕಿಂತ ಹಳೇ ಮನೆ ಬಾಡಿಗೆಗೆ ಕೊಡ್ಬೇಕಂದ್ರೆ ಹಳೇ ಪೇಂಟಲ್ಲಿರೋ ಸೀಸದ (ಲೆಡ್) ಅಪಾಯ ಇಲ್ಲ ಅನ್ನೋ ಸರ್ಟಿಫಿಕೇಟ್ ಬೇಕಂತೆ, ಏಜೆಂಟ್ ಬಾಯೇ ಬಿಡ್ಲಿಲ್ಲ. ಎರಡೂ ಮನೇಲಿ ಬಾಡಿಗೆದಾರರಿದ್ದಾರೆ ಅಂದಿದ್ರು, ಅಗ್ರಿಮೆಂಟ್ ಕೇಳಿದ್ರೆ ಒಂದು ಖಾಲಿ. ಇನ್ಸ್‌ಪೆಕ್ಷನ್ ಮಾಡಿಸಿ ಹಿಂದೆ ಸರಿಯೋಕೆ ಇದ್ದ ಗಡುವೊಳಗೇ ಕ್ಯಾನ್ಸಲ್ ಮಾಡಿದ್ದಕ್ಕೆ ಅಡ್ವಾನ್ಸ್ ವಾಪಸ್ ಬಂತು, ಇನ್ಸ್‌ಪೆಕ್ಟರ್ ಫೀಸ್ ಹೋಯ್ತು, ಹೋಗ್ಲಿ ಬಿಡಿ. ಮುಂದಿನ್ದಕ್ಕೆ ನಾನೇ ಫ್ಲೈಟ್ ಹತ್ತಿ ಹೋಗಿ ನೋಡ್ತೀನಿ.