ಜನವರಿಲಿ ಮನಾಲಿ: ಹಿಮದಲ್ಲಿ ಏನೇನ್ ಮಾಡ್ಬೋದು, ಹೋಗ್ಬಂದವ್ರು ಹೇಳಿ ಪ್ಲೀಸ್

ಚಳಿಗುಬ್ಬಿ:
ಎಲ್ರಿಗೂ ನಮಸ್ಕಾರ. ಜನವರಿ ಮೂರನೇ ವಾರ ಮನಾಲಿಗೆ ಹೊರಟಿದೀವಿ, ನಾನು, ನಮ್ಮನೆಯವ್ರು, ಒಂಬತ್ತು ವರ್ಷದ ಮಗ, ಜೊತೆಗೆ ಅತ್ತೆ (66, ಮಂಡಿ ನೋವಿದೆ, ಆದ್ರೆ ರೂಮಲ್ಲಿ ಕೂರೋ ಜಾತಿ ಅಲ್ಲ). ಹಿಮ ಅಂತ ನಾವ್ಯಾರೂ ಕಂಡಿರೋದು ಫ್ರಿಜ್ ಒಳಗೆ ಮಾತ್ರ. ಟ್ರಾವೆಲ್ಸ್‌ನವ್ರು ಕೊಟ್ಟ ಪ್ಲಾನಲ್ಲಿ ಒಂದಿನ ರೋಹ್ತಂಗ್ ಪಾಸ್, ಒಂದಿನ ಮನಾಲಿ ಹತ್ರದ ಸೋಲಂಗ್ ಕಣಿವೇಲಿ ಸ್ನೋ ಆಕ್ಟಿವಿಟಿ ಅಂತಿದೆ, ಏನಪ್ಪಾ ಅದು ಅಂದ್ರೆ ಸ್ಕೀಯಿಂಗ್ ಇದೆ ಮೇಡಂ ಸ್ಲೆಡ್ಜ್ (ಹಿಮದ ಮೇಲೆ ಜಾರೋ ಗಾಡಿ) ಇದೆ ಮೇಡಂ ಅಂತಾರೆ, ಎಷ್ಟೊತ್ತು, ಮಕ್ಳಿಗೆ ಆಗುತ್ತಾ ಅಂದ್ರೆ ಉತ್ರ ಇಲ್ಲ. ನಾಲ್ಕು ದಿನ ಕೈಲಿದೆ, ಬರೀ ಫೋಟೋ ತೆಗ್ಸಿಕೊಂಡು ಬರೋಕೆ ಇಷ್ಟ ಇಲ್ಲ.

ಗುಡ್ಡಗಾಡು:
ಮೊದ್ಲು ಆ ಪ್ಲಾನ್ ವಾಪಸ್ ಕೊಡಿ. ರೋಹ್ತಂಗ್ 3,978 ಮೀಟರ್ ಎತ್ತರ ಇದೆ, ಚಳಿಗಾಲದಲ್ಲಿ ಹಿಮ ಮುಚ್ಚಿ ರಸ್ತೆನೇ ಬಂದ್. ಬಹುಶಃ ಅಟಲ್ ಟನಲ್ ದಾಟ್ಸಿ ಆಚೆ ಕಡೆಯ ಸಿಸ್ಸು ಹಳ್ಳಿ ತೋರ್ಸಿ ಅದನ್ನೇ ರೋಹ್ತಂಗ್ ಅಂತಾರೆ. ಹಾಗೆ ನೋಡಿದ್ರೆ ಸಿಸ್ಸು ಚೆನ್ನಾಗೇ ಇದೆ, ಆ ಟನಲ್ 2020ರಲ್ಲಿ ಓಪನ್ ಆದ 9.02 ಕಿಮೀ ಸುರಂಗ, ಈ ಕಡೆ ದೇವದಾರು ಕಾಡು ನೋಡ್ತಾ ಒಳಗೆ ಹೋದ್ರೆ ಆ ಕಡೆ ಬಿಳಿ ಬೋಳು ಬೆಟ್ಟ. ಆದ್ರೆ ಹಿಮ ಜೋರಾದ ದಿನ ಬಿಡಲ್ಲ. ಜನವರಿಲಿ ಸುರಂಗದ ಆಚೆಯ ಲಾಹೌಲ್ ಕಡೆ ಹಾಲ್ಡಾ ಹಬ್ಬನೂ ಇರುತ್ತೆ, ಪ್ರವಾಸಿಗರನ್ನ ಬಿಡ್ತಾರಾ ಅಂತ ಹಿಂದಿನ ದಿನ ಕೇಳ್ಕೊಂಡೇ ಹೊರಡಿ.

ಇನ್ನು ಸ್ಕೀ. ಅರ್ಧ ಗಂಟೆಗೆ ಬಾಡಿಗೆ ತಗೊಂಡ್ರೆ ಬೂಟ್ ಹಾಕೋಕೇ ಹತ್ತು ನಿಮಿಷ ಹೋಗುತ್ತೆ, ಆಮೇಲೆ ಕೈ ಹಿಡ್ಕೊಂಡು ನಾಲ್ಕು ಮಾರು ಜಾರಿಸಿ ಒಂದು ವಿಡಿಯೋ ಮಾಡಿ ಮುಗೀತು ಅಂತಾರೆ. ಅದ್ರ ಬದ್ಲು ಮಗನಿಗೆ ಎರಡು ದಿನ, ಬೆಳಿಗ್ಗೆ ಎರಡೆರಡು ಗಂಟೆ, ಒಬ್ಬನೇ ಇನ್‌ಸ್ಟ್ರಕ್ಟರ್ ಹತ್ರ ಮಾತಾಡಿ. ಮೊದಲ್ನೇ ದಿನ ಬರೀ ಬೀಳೋದು ಏಳೋದು. ಪಕ್ಕಕ್ಕೆ ಬೀಳೋದನ್ನೇ ಕಲಿಸ್ಬೇಕು ಮೊದ್ಲು. ಎರಡನೇ ದಿನ ಕಾಲಿಗೆ ಕಟ್ಟಿದ ಸ್ಕೀ ಹಲಗೆಗಳ ಮುಂದಿನ ತುದಿ ಹತ್ರ ತಂದು ಹಿಂದೆ ಅಗಲಿಸಿ ಬ್ರೇಕ್ ಹಾಕೋದು ಬಂದ್ಬಿಟ್ರೆ ಹುಡುಗನ್ನ ಹಿಡಿಯೋಕಾಗಲ್ಲ. ಮನಾಲಿಲೇ 1961ರಿಂದ ಇರೋ ಸರ್ಕಾರಿ ಪರ್ವತಾರೋಹಣ ಸಂಸ್ಥೆನೂ ಸ್ಕೀ ಕೋರ್ಸ್ ಮಾಡುತ್ತೆ, ಅದು ನಿಮ್ಮ ನಾಲ್ಕು ದಿನಕ್ಕೆ ಮುಗಿಯಲ್ಲ ಬಿಡಿ.

ಧಾರವಾಡದಾಂವ:
ನಾವು ಹೋದ ವರ್ಷ ಹೋಗಿದ್ವಿ ರೀ. ಒಂದ ಮಾತು, ಸೋಲಂಗಕ್ಕ ಹೋಗ್ಲಿಕ್ಕೆ ಮುಂಜಾನೆ ಲಗೂನ ಮನಾಲಿ ಬಿಡ್ರಿ, ಬಿಸಲು ಏರಿದ ಮ್ಯಾಲೆ ಜನಾ ತುಳದ ತುಳದ ಹಿಮ ಎಲ್ಲಾ ರಾಡಿ ಆಗಿರ್ತದ. ಹೊಸಾ ಹಿಮ ಬಿದ್ದಿದ್ರ ಪೊಲೀಸ್ರು ನಿಮ್ಮ ಗಾಡಿ ದಾರ್ಯಾಗಿನ ನೆಹರು ಕುಂಡದಾಗ ನಿಲ್ಲಸ್ತಾರ, ಮುಂದ ಫೋರ್ ಬೈ ಫೋರ್ ಗಾಡಿನ ಬೇಕು.

ದಾರಿಮ್ಯಾಲೆ ಸೂಟು ಗಮ್‌ಬೂಟು ಬಾಡಿಗಿಗೆ ಕೊಡ್ತಾರಲ್ಲ, ನಾ ಶಾಣ್ಯಾತನ ಮಾಡಿ ಬ್ಯಾಡ ಅಂದು ಜೀನ್ಸ್ ಮ್ಯಾಲೆ ಹೋದೆ. ಎರಡ ಸಲ ಬಿದ್ದೆ, ತೊಯ್ದು ಹಲಗಿ ಆತು ಪ್ಯಾಂಟು, ಮುಂದಿನ ಮೂರು ತಾಸು ಗಾಡಿನಾಗ ಹೀಟರ್ ಮುಂದ ಕುಂತಿದ್ದೆ, ಮನಿಮಂದಿ ಎಲ್ಲಾ ಹೊರಗ ಆಡ್ಲಿಕ್ಕತ್ತಿದ್ರು. ಹತ್ತಿ ಬಟ್ಟಿ ಮೈಗೆ ಹತ್ತಿ ಇರಬಾರದು ರೀ, ಒಳಗ ಥರ್ಮಲ್, ನಡುವ ಉಣ್ಣಿ, ಮ್ಯಾಲೆ ನೀರು ಹೋಗದಂಥಾದ್ದು. ಉಣ್ಣಿ ಸಾಕ್ಸು ಒಂದು ಜೋಡಿ ಬ್ಯಾಗಿನ್ಯಾಗ ಎಕ್ಸ್‌ಟ್ರಾ ಇರ್ಲಿ. ಮೊಬೈಲ್ ಒಳಗಿನ ಕಿಸೇದಾಗ ಇಡ್ರಿ, ಥಂಡಿಗೆ ಬ್ಯಾಟರಿ ದಡಕ್ಕನ ಇಳೀತದ.

ಶಾರದಕ್ಕ:
ಅತ್ತೆಯವ್ರ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ! ಮನಾಲಿ ಪಕ್ಕದ ವಸಿಷ್ಠ ಅನ್ನೋ ಹಳ್ಳಿಗೆ ಕರ್ಕೊಂಡ್ ಹೋಗಮ್ಮ, ಗಂಧಕದ ಬಿಸಿನೀರಿನ ಬುಗ್ಗೆ ಇದೆ, ಹೆಂಗಸ್ರಿಗೆ ಬೇರೆ ಕೊಳ. ಹೊರಗೆ ಕೊರೆಯೋ ಚಳಿ ಇರುವಾಗ ಕಾಲು ಬಿಟ್ಟು ಕೂತ್ರೆ ಮಂಡಿಗೆ ಎಷ್ಟು ಹಾಯ್ ಅನ್ಸುತ್ತೆ ಅಂತೀಯ. ಹಿಡಿಂಬಾ ದೇವಸ್ಥಾನನೂ ನಿಧಾನಕ್ಕೆ ನೋಡ್ಬೋದು, 1553ರ ಮರದ ಗುಡಿ, ಸುತ್ತ ದೇವದಾರು ತೋಪು, ಹಿಮ ಬಿದ್ದಿದ್ರೆ ಕಣ್ಣಿಗೆ ಹಬ್ಬ. ಆದ್ರೆ ಬೆಳಿಗ್ಗೆ ಬೆಳಿಗ್ಗೆ ಬೇಡ. ಹಗಲು ಕರಗಿದ ನೀರು ರಾತ್ರಿ ಹೆಪ್ಪುಗಟ್ಟಿ ದಾರಿ ಮೇಲೆ ಗಾಜಿನ ಥರ ಇರುತ್ತೆ, ಕಣ್ಣಿಗೇ ಕಾಣಲ್ಲ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ನಡೀತೀವಲ್ಲ, ಹಾಗೆ ಚಿಕ್ಕ ಹೆಜ್ಜೆ, ಪಾದ ಪೂರ್ತಿ ಊರಿ.

ಮಗ ಹಿಮದ ಬೊಂಬೆ ಮಾಡ್ತೀನಿ ಅಂತ ಬೆಳಿಗ್ಗೆನೇ ಹಠ ಮಾಡಿದ್ರೆ ತಡಿ ಅನ್ನು. ಹೊಸ ಪುಡಿ ಹಿಮ ತುಪ್ಪ ಕಮ್ಮಿಯಾದ ರವೆ ಉಂಡೆ ಥರ ಉದುರುತ್ತೆ, ಮಧ್ಯಾಹ್ನ ಸ್ವಲ್ಪ ಪಸೆ ಬಂದ್ಮೇಲೆ ಚೆನ್ನಾಗಿ ಕಟ್ಟುತ್ತೆ. ಕಪ್ಪು ಕನ್ನಡಕ ಎಲ್ರಿಗೂ ಬೇಕು, ಹಿಮದ ಮೇಲಿಂದ ಬಿಸಿಲು ವಾಪಸ್ ಕಣ್ಣಿಗೇ ಹೊಡಿಯುತ್ತೆ.

ಚಳಿಗುಬ್ಬಿ:
ತುಂಬಾ ಥ್ಯಾಂಕ್ಸ್. ಟ್ರಾವೆಲ್ಸ್‌ನವ್ರಿಗೆ ಫೋನ್ ಮಾಡಿ ರೋಹ್ತಂಗ್ ಬಂದ್ ಅಂತಲ್ಲ ಅಂದೆ, "ಲಕ್ ಇದ್ರೆ ಓಪನ್ ಇರುತ್ತೆ ಮೇಡಂ" ಅಂದ್ರು 😀 ಆ ದಿನ ತೆಗ್ಸಿ ಸೋಲಂಗೇ ಎರಡು ಬೆಳಿಗ್ಗೆ ಮಾಡ್ಸಿದೀನಿ. ಅತ್ತೆ ಪಕ್ಕದಲ್ಲೇ ಕೂತು ಓದ್ತಿದಾರೆ, ಬಿಸಿನೀರು ಆಮೇಲೆ ನೋಡೋಣ, ಸ್ಲೆಡ್ಜ್ ಮೊದ್ಲು ನಂಗೇ ಅಂತಿದಾರೆ. ಮಂಡಿ ನೋವಲ್ಲಿ ಕೂರ್ಬೋದಾ?

ಗುಡ್ಡಗಾಡು:
ಕಾಲು ಚಾಚಿ ಕೂರೋ ಥರದ್ದಾದ್ರೆ ಸರಿ, ಇಳಿಜಾರು ಬೇಡ, ಸಮ ಜಾಗದಲ್ಲಿ ಎಳ್ಕೊಂಡು ಹೋಗು ಅಂತ ಮೊದ್ಲೇ ಹೇಳಿ. ಕೂರುವಾಗ ಏಳುವಾಗ ಮಾತ್ರ ಇಬ್ರು ಕೈ ಹಿಡೀರಿ.